ಅಡ್ಡ ಬರಲಾಗದ ಬೆಕ್ಕು

ಮನೆಯಲ್ಲಿ ಶುಗರ್ ಇರುವ ಬೆಕ್ಕೊಂದಿದ್ದರೆ ಬೇರೆ ಮನರಂಜನೆ ಬೇಕಾಗುವುದಿಲ್ಲ. ನಮ್ಮ ಗಂಗಾನಗರದ ಮನೆಯಲ್ಲಿ ಇದೆ. ವಯಸ್ಸು ಹದಿಮೂರು. ಶುಗರ್ ಏರಿ ಹಿಂಗಾಲಿನ ನರಗಳು ಸೋತವು. ಬೆಕ್ಕು ನಡೆಯುವುದು ಬೆರಳುಗಳ ಮೇಲೆ. ನಮ್ಮವಳು ಹಿಮ್ಮಡಿ ಊರಿಕೊಂಡು, ಹಿಂದಿನಿಂದ ನೋಡಿದರೆ ಮೊಲದಂತೆ ನಡೆಯತೊಡಗಿದಳು. ಡಾಕ್ಟರ್ ಹೇಳಿದ್ದಿಷ್ಟು: “ಶುಗರ್ ಹತೋಟಿಗೆ ಬಂದ್ರೆ ಕಾಲು ವಾಪಸ್ ಬರಬಹುದು. ಗ್ಯಾರಂಟಿ ಕೊಡಲ್ಲ.” ಆ “ಬರಬಹುದು” ಒಂದನ್ನೇ ಹಿಡಿದುಕೊಂಡು ನಾನು, ಅಮ್ಮ ಚಿಕಿತ್ಸೆ ಶುರುಮಾಡಿದೆವು.

ಪೇಷಂಟ್

ಇನ್ಸುಲಿನ್ ತರಲು ಮೆಡಿಕಲ್ ಸ್ಟೋರಿಗೆ ಹೋದೆ. ಚೀಟಿಯ ಮೇಲ್ಭಾಗ ಮಡಚಿಕೊಂಡಿತ್ತು. ಅಂಗಡಿಯವರು ಕೇಳಿದರು: “ಪೇಷಂಟ್ ವಯಸ್ಸು?”

“ಹದಿಮೂರು.”

“ಅಯ್ಯೋ ಪಾಪ! ಓಡಾಟ ಇದ್ಯಾ?”

“ಇಲ್ಲ, ಇಡೀ ದಿನ ಮಲಗಿರ್ತಾಳೆ.”

“ಮೊಬೈಲು?”

“ಸಿಕ್ಕಿದ್ರೆ ಬಿಡಲ್ಲ. ಅದ್ರ ಮೇಲೇ ಮಲಗ್ತಾಳೆ.”

“ಕರೆದ್ರೆ ಬರ್ತಾಳಾ?”

“ಊಟಕ್ಕೆ ಮಾತ್ರ.”

ಅವರು ತಲೆ ಆಡಿಸುತ್ತಾ ಚೀಟಿ ಬಿಡಿಸಿದರು. ಪಶುವೈದ್ಯರು ಅಂತ ಕಂಡಿತು. “ಬೆಕ್ಕಾ? ಮೊದ್ಲೇ ಹೇಳ್ಬಾರ್ದಾ? ನನ್ ಮಗನ ಲಕ್ಷಣ ಎಲ್ಲಾ ಹೊಂದ್ತಾ ಇತ್ತು!”

ಮಡಿ

ನಮ್ಮ ಮನೆಯ ನೆಲ ಗ್ರಾನೈಟ್. ಅವಳ ಹಿಂಗಾಲು ಜಾರಿ ಎರಡು ದಿಕ್ಕಿಗೆ ಹೋಗುತ್ತಿತ್ತು. ಹಳೆಯ ಯೋಗ ಮ್ಯಾಟ್‌ಗಳನ್ನು ಕತ್ತರಿಸಿ, ಅವಳು ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಮರಳಿನ ತಟ್ಟೆಗೆ ದಾರಿ ಹಾಸಿದೆ.

ಅದೇ ವಾರ ಬಾಗಲಕೋಟೆಯಿಂದ ದೊಡ್ಡಮ್ಮ ಬಂದರು. ಮ್ಯಾಟ್ ಬಿಟ್ಟು ಕೆಳಗೆ ಕಾಲಿಡಲಿಲ್ಲ. ಮ್ಯಾಟ್ ಮುಗಿದಲ್ಲಿ ಸೀರೆ ಎತ್ತಿ ಹಿಡಿದು ಅಡುಗೆಮನೆ ಹೊಸ್ತಿಲಿಗೆ ಹಾರಿದರು. ಅಲ್ಲಿಂದ ಬಚ್ಚಲ ಬಾಗಿಲಿಗೆ. ಸಂಜೆ ಅಮ್ಮ ಕೇಳಿದರು: “ಯಾಕಕ್ಕಾ, ಹಿಂಗ್ಯಾಕ ಹಾರಾಕತ್ತಿ?”

“ಮತ್ತೇನ ಮಾಡ್ಲಿ? ನೀವು ಮಡಿ ಹಿಡದೀರಿ, ನಾ ಬಸ್ಸಿನ್ಯಾಗ ಕುಂತ ಬಂದಾಕಿ. ನಿಮ್ಮ ನೆಲ ಮೈಲಿಗಿ ಆಗಬಾರದಂತ ನೋಡಾಕತ್ತೀನಿ.”

“ಮಡಿ ಅಲ್ಲಕ್ಕಾ, ಬೆಕ್ಕಿನ ಕಾಲು ಜಾರ್ತಾವು, ಅದಕ್ಕ ಹಾಸೇವಿ.”

ದೊಡ್ಡಮ್ಮ ಬೆಕ್ಕನ್ನು ನೋಡಿದರು. ಅದು ಮ್ಯಾಟ್ ಬಿಟ್ಟು ಬರೀ ಗ್ರಾನೈಟಿನ ಮೇಲೆ ಮಲಗಿತ್ತು. “ನೋಡ, ಅದಕ್ಕಿಲ್ಲದ ಮಡಿ ನನಗ! ಮಣಕಾಲ ಎರಡೂ ಹೋದ್ವು.”

ಶಕುನ

ವಾರಗಳು ಕಳೆದವು. ಶುಗರ್ ಇಳಿಯಿತು, ಹಿಮ್ಮಡಿ ಮೇಲೇಳಲಿಲ್ಲ. “ಇನ್ನ ಇಕಿ ಹಿಂಗ ಇರ್ತಾಳೇನ?” ಎಂದು ಅಮ್ಮ ಕೇಳಿದರು.

ಸ್ವಲ್ಪ ನಡೆಸಿ ಎಂದು ಡಾಕ್ಟರ್ ಹೇಳಿದ್ದರಿಂದ ಬೆಳಿಗ್ಗೆ ಊಟ, ಇಂಜೆಕ್ಷನ್ ಮುಗಿದ ಮೇಲೆ ಮನೆಯ ಮುಂದಿನ ಪ್ಯಾಸೇಜಿಗೆ ಬಿಡುತ್ತಿದ್ದೆ. ಎದುರು ಮನೆಯ ಅಂಕಲ್ ಗೊರಗುಂಟೆಪಾಳ್ಯದ ಫ್ಯಾಕ್ಟರಿಗೆ ಹೊರಡುವುದೂ ಆಗಲೇ. ಅವರಿಗೆ ಶಕುನದ ನಂಬಿಕೆ ಜಾಸ್ತಿ. ಬೆಕ್ಕು ಅಡ್ಡ ಬಂದರೆ ಒಳಗೆ ಹೋಗಿ, ಕೂತು, ನೀರು ಕುಡಿದೇ ಹೊರಡಬೇಕು. ಆದರೆ ಇವಳು ಅರ್ಧ ದಾಟಿ ಕೂತುಬಿಡುತ್ತಿದ್ದಳು.

ಒಳಗಿನಿಂದ ಆಂಟಿ ಕೂಗಿದರು: “ರೀ, ಇನ್ನೂ ಹೋಗಿಲ್ವಾ?”

“ಬೆಕ್ಕು ಅಡ್ಡ ಬರ್ತಾ ಇದೆ ಕಣೇ!”

“ಆಗ್ಲಿಂದ ಅದೇ ಹೇಳ್ತಿದ್ದೀರಲ್ರೀ!”

ನಾನು ಎತ್ತಿಕೊಳ್ಳಲು ಹೋದೆ. ಅಂಕಲ್ ತಡೆದರು. “ಬೇಡಮ್ಮ, ಎತ್ಕೊಂಡು ದಾಟಿಸಿದ್ರೆ ಅದು ಲೆಕ್ಕಕ್ಕೆ ಬರುತ್ತೋ ಇಲ್ವೋ ನಂಗೊತ್ತಿಲ್ಲ.” ಹಾಗಾಗಿ ದಿನಾ ಬ್ಯಾಗ್ ಹಿಡಿದು ನಿಂತು ಅವಳ ಹಿಂಗಾಲನ್ನೇ ನೋಡುತ್ತಿದ್ದರು. ಬರಬರುತ್ತಾ ನನಗಿಂತ ಅವರಿಗೇ ಆತಂಕ ಹೆಚ್ಚಾಯಿತು. “ಇವತ್ತು ಎಡಗಾಲು ಪರವಾಗಿಲ್ಲ ಕಣಮ್ಮ” ಎಂದು ವರದಿ ಕೊಡುತ್ತಿದ್ದರು.

ಒಂದು ಬೆಳಿಗ್ಗೆ ಅವಳನ್ನು ಹೊರಗೆ ಬಿಟ್ಟು ಸಿರಿಂಜ್ ಎತ್ತಿಡಲು ಒಳಗೆ ಬಂದಿದ್ದೆ. ಬೆಲ್ ಒಂದೇ ಸಮನೆ ಬಡಿದುಕೊಂಡಿತು. ಅಂಕಲ್ ಏದುಸಿರು ಬಿಡುತ್ತಿದ್ದರು.

“ಬೇಗ ಬಾಮ್ಮಾ! ಅಡ್ಡ ಬಂದುಬಿಡ್ತು!”

“ಸಾರಿ ಅಂಕಲ್.”

“ಸಾರಿ ಯಾಕಮ್ಮಾ? ಪೂರ್ತಿ ಬಂತು! ಓಡ್ಕೊಂಡ್ ಬಂತು! ಹಿಮ್ಮಡಿ ನೆಲಕ್ಕೆ ತಾಗ್ಲೇ ಇಲ್ಲ!”

ಓಡಿ ಹೋದೆ. ಅವಳು ಅವರ ಚಪ್ಪಲಿ ಸ್ಟ್ಯಾಂಡಿನ ಪಕ್ಕ, ನಾಲ್ಕೂ ಕಾಲಿನ ಬೆರಳುಗಳ ಮೇಲೆ, ಬಾಲ ಎತ್ತಿ ನಿಂತಿದ್ದಳು. ಹಿಂದೆ ಬಂದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂಕಲ್ ಗೆದ್ದವರಂತೆ ತಮ್ಮ ಮನೆಯೊಳಗೆ ಹೋದರು.

ಆಂಟಿ ಕೇಳಿದ್ದು ನಮಗೂ ಕೇಳಿಸಿತು: “ಯಾಕ್ರೀ ವಾಪಸ್ ಬಂದ್ರಿ?”

“ಅಪಶಕುನ ಆಯ್ತು ಕಣೇ! ಏನಾದ್ರೂ ಸ್ವೀಟ್ ಇದ್ರೆ ಕೊಡು, ಅವ್ರ ಮನೆಗೂ ಕೊಟ್ಟು ಬರ್ತೀನಿ.”