ಲ್ಯಾಪ್‌ಟಾಪಿನ ಕರುಳು

ವಿವೇಕಾನಂದನ ಲ್ಯಾಪ್‌ಟಾಪ್ ಫೋಟೊ ತೋರಿಸುವಾಗ ನಡುನಡುವೆ ನಿಂತುಬಿಡುತ್ತಿತ್ತು. ಕಲಬುರಗಿಯ ನೆಹರು ಗಂಜ್ ಹತ್ತಿರದ ತನ್ನ ಸ್ಟುಡಿಯೊದಲ್ಲಾದರೆ ಗಿರಾಕಿಗೆ ಚಹಾ ತರಿಸಿ ಸಂಭಾಳಿಸಬಹುದು. ಇವತ್ತು ಕಮಲಾಪುರದಲ್ಲಿ ಮಾವ ಅಣವೀರಪ್ಪನವರ ಅರವತ್ತರ ಸಮಾರಂಭ. ಬೀಗರೆಲ್ಲರ ಎದುರು ಮನೆಯ ಹಳೆಯ ಫೋಟೊಗಳನ್ನು ಪರದೆಯ ಮೇಲೆ ತೋರಿಸಬೇಕು. ಅತ್ತೆ ಅಂಬಮ್ಮನವರ ಬಾಯಿಂದ ಒಮ್ಮೆಯಾದರೂ ಒಳ್ಳೆಯ ಮಾತು ಕೇಳಬೇಕೆಂದು ಮದುವೆಯಾದಾಗಿನಿಂದ ಅವನಿಗೆ ಆಸೆ. ಪಾಪ, ದೊಡ್ಡ ಆಸೆಯೇನಲ್ಲ.

ಅದಕ್ಕೇ ಬೆಳಿಗ್ಗೆಯೇ ಬಂದು, ಪೆನ್‌ಡ್ರೈವಿನ ಫೋಟೊಗಳನ್ನೆಲ್ಲ ಮುಂಚಿತವಾಗಿ ಲ್ಯಾಪ್‌ಟಾಪಿನ ಮೆಮೊರಿಗೆ ತುಂಬಿಸಲು ಕೂತ. ಇದ್ಯಾಕೆ ಎಂದು ಹೆಂಡತಿ ಶೀಲಾ ಕೇಳಿದಳು.

"ಪಂಗತಿ ಕುಂತ ಮ್ಯಾಲ ರೊಟ್ಟಿ ಬಡಿಯಾಕ ಹೋದ್ರ ಮಂದಿ ಸುಮ್ ಕುಂದರ್ತಾರೇನು? ಮೊದಲ ಬಡದು ಬುಟ್ಟಿ ತುಂಬಿಡ್ತೀರಲ್ಲ, ಹಂಗ ಇದು."

ಬುಟ್ಟಿ ತುಂಬುವಷ್ಟರಲ್ಲಿ ನೆರೆಮನೆಯ ದುಂಡಮ್ಮ ಪ್ಲಗ್ ಕಿತ್ತು, ಶೇಂಗಾ ಚಟ್ನಿಗೆ ಮಿಕ್ಸರ್ ಹಚ್ಚಿದಳು. ಬ್ಯಾಟರಿ ಎಂದೋ ಸತ್ತಿದ್ದ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು, ಕರೆಂಟು ಇರುವತನಕ ಮಾತ್ರ ನಿಲ್ಲುವ ಆ ಮೆಮೊರಿಯಲ್ಲಿದ್ದದ್ದೆಲ್ಲ ಹೋಯಿತು. ಅವನು ಮತ್ತೆ ತುಂಬಿದ. ದುಂಡಮ್ಮನಿಗೆ ಖಾರ ಕಡಿಮೆ ಎನಿಸಿತು. ಮತ್ತೆ ಪ್ಲಗ್ ಕಿತ್ತಳು. ಮತ್ತೊಮ್ಮೆ ತುಂಬಿ, ಪ್ಲಗ್ಗಿನ ಮುಂದೆ ಗೂಟ ಹೊಡೆದುಕೊಂಡು ಕೂತ.

ಆಗ ಅಂಬಮ್ಮ ಬಂದರು. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಬರಲಿಲ್ಲವೆಂದು ಅವರು ಅಣ್ಣ ದೇವಿಂದ್ರಪ್ಪನ ಜೊತೆ ಮಾತು ಬಿಟ್ಟಿದ್ದರು, ಸಮಾರಂಭಕ್ಕೂ ಕರೆದಿರಲಿಲ್ಲ.

"ನಮ್ಮಣ್ಣನ ಹೆಗಲ ಮ್ಯಾಲ ನಾ ಕುಂತ ಫೋಟೊ ಅದಲ್ರಿ ಅಳಿಯಂದ್ರ, ಅದನ್ನ ತಗದಬಿಡ್ರಿ."

ವಿವೇಕಾನಂದ ಪೆನ್‌ಡ್ರೈವಿನಿಂದ ಅದನ್ನು ಅಳಿಸಿ ನಿಶ್ಚಿಂತನಾದ.

ಸಂಜೆ ಫೋಟೊಗಳು ಎಲ್ಲೂ ತಡೆಯದೆ ಬಂದವು. ಬೀಗರು ತಲೆದೂಗಿದರು. ಅಷ್ಟರಲ್ಲಿ ಪರದೆ ತುಂಬ ದೇವಿಂದ್ರಪ್ಪ. ಹೆಗಲ ಮೇಲೆ ಲಂಗ ತೊಟ್ಟ ಪುಟ್ಟ ಅಂಬಮ್ಮ, ಅಣ್ಣನ ಕೂದಲು ಹಿಡಿದು ನಗುತ್ತಿದ್ದಾರೆ.  ವಿವೇಕಾನಂದ ಅಳಿಸಿದ್ದು ಪೆನ್‌ಡ್ರೈವಿನದನ್ನು ಮಾತ್ರ. ಮೆಮೊರಿಗೆ ತುಂಬಿದ್ದು ಹಾಗೇ ಉಳಿದಿತ್ತು.

ಅಂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲರೆದುರೇ ಅಣ್ಣನಿಗೆ ಫೋನು ಹಚ್ಚಿ, ನೀನು ಬರುವತನಕ ಪಂಗತಿ ಕೂರಿಸುವುದಿಲ್ಲ ಎಂದರು. ಆಮೇಲೆ ಅಳಿಯನ ಕಡೆ ನಡೆದು ಬಂದರು. ಮುಖ ಅರಳಿತ್ತು, ಒಳ್ಳೆಯ ಮಾತು ತುಟಿಯವರೆಗೂ ಬಂದಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು. ಆದರೆ ಬೈಗುಳವೇ ಬಂತೆಂದು ತಿಳಿದ.

"ನಂದೇನ್ ತಪ್ಪಿಲ್ರಿ ಅತ್ತಿ. ನಾ ದೇವಿಂದ್ರಪ್ಪ ಮಾಮಾರ ಫೋಟೊ ಅಳಿಸೇ ಬಿಟ್ಟಿದ್ದೆ. ಈ ಲ್ಯಾಪ್‌ಟಾಪ್ ನೆನಪಿಟ್ಕೊಂಡದ."

ಅಂಬಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾ ಸಿಟ್ನ್ಯಾಗ ಅಂದೆ, ನೀವು ಅಳಿಸೇ ಬಿಟ್ರಿ? ಮಿಷಿನ್ನಿಗಿರೋ ಕರುಳ ನಿಮಗಿಲ್ಲಲ್ರಿ ಅಳಿಯಂದ್ರ."

ಶೀಲಾಳಿಂದ ವಿಭೂತಿ ತರಿಸಿ ಲ್ಯಾಪ್‌ಟಾಪಿಗೆ ಹಚ್ಚಿದರು. ಅಳಿಯನನ್ನು, ದೇವಿಂದ್ರಪ್ಪನ ದಾರಿ ನೋಡುತ್ತಿರಲು ಹೇಳಿ, ಹಸಿದ ಹೊಟ್ಟೆಯಲ್ಲೇ ಬಸ್ ಸ್ಟ್ಯಾಂಡಿಗೆ ಕಳಿಸಿದರು.