ಗೋಡೆ ದಾಟಬಾರದ ಹೊಟ್ಟು

ನೆನಪನ್ನು ನಂಬಿ ಕೆಡುವುದಕ್ಕಿಂತ ಲೆಕ್ಕವನ್ನು ನಂಬಿ ಕೆಡುವುದು ಮರ್ಯಾದಸ್ಥರ ಲಕ್ಷಣ ಎಂದು ನಾನು ತಿಳಿದಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಇದೊಂದೇ. ಅದೂ ಅಲ್ಲಿ ಕಲಿತದ್ದೋ, ಸೇಲಂ ಬಸ್ಸಿನಲ್ಲಿ ಯಾರೋ ಹೇಳಿದ್ದೋ, ಖಚಿತವಿಲ್ಲ.

ಮಾರಂಡಹಳ್ಳಿಯ ನಮ್ಮ ಮನೆಗೂ ಚಿಕ್ಕಮ್ಮನ ಮನೆಗೂ ನಡುವೆ ಎದೆಮಟ್ಟದ ಗೋಡೆ. ಈ ಕಡೆ ಅಮ್ಮ ರಾಗಿ ತೂರುತ್ತಾಳೆ, ಆ ಕಡೆ ಅವಳ ತಂಗಿ ಸಂಡಿಗೆ ಒಣಗಿಸುತ್ತಾಳೆ. ಹೋದ ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಹೊಟ್ಟು ಹಾರಿ ಸಂಡಿಗೆಯ ಮೇಲೆ ಬಿದ್ದದ್ದೇ ಕಾರಣ ಎಂದು ನನಗೆ ಚೆನ್ನಾಗಿ ನೆನಪಿತ್ತು. ತಂಗಿಯ ಹತ್ತಿರ ಆಡಬೇಕಾದ ಮಾತನ್ನೆಲ್ಲ ಅಮ್ಮ ಎಮ್ಮೆಯ ಹತ್ತಿರ ಆಡುತ್ತಿದ್ದಳು. ಎಮ್ಮೆ ಹಾಲು ಕಡಿಮೆ ಮಾಡಿತು.

ಗಾಳಿಗೋ ನೀರಿಗೋ ಬಿದ್ದ ಕಣ ಎತ್ತ ಹೋಗಿ ಎಲ್ಲಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ನೋಡುವುದನ್ನು ಕಾಲೇಜಿನಲ್ಲಿ ಕಲಿಸುವುದೇ ನನ್ನ ಕೆಲಸ. ಹಾಗಾಗಿ ಟೇಪು ಹಿಡಿದು ಹಿತ್ತಲು ಅಳೆದೆ. ಗೋಡೆ, ಕೊಟ್ಟಿಗೆ, ಎಮ್ಮೆ ಎಲ್ಲವನ್ನೂ ಸಾಫ್ಟ್‌ವೇರಿಗೆ ಕೊಟ್ಟೆ. ಎಮ್ಮೆಯನ್ನು ಪೆಟ್ಟಿಗೆ ಎಂದು ಭಾವಿಸಿದೆ. ನಮ್ಮ ಶಾಸ್ತ್ರದಲ್ಲಿ ಅದಕ್ಕೆ ಅವಕಾಶವಿದೆ. ಲ್ಯಾಪ್‌ಟಾಪು ಇಡೀ ದಿನ ಬುಸುಗುಟ್ಟಿ, ಬಣ್ಣದ ಗೆರೆಗಳಲ್ಲಿ ಉತ್ತರ ಕೊಟ್ಟಿತು: ಕೊಟ್ಟಿಗೆಯ ಮೂಲೆಯಲ್ಲಿ ನಿಂತು ತೂರಿದರೆ ಒಂದು ಹೊಟ್ಟೂ ಗೋಡೆ ದಾಟದು.

"ಆ ಮೂಲೇಲಿ ಗಾಳಿ ಕಮ್ಮಿ ಕಣ್ಲಾ," ಎಂದಳು ಅಮ್ಮ.

"ಕಂಪ್ಯೂಟರ್ ಹೇಳೈತಮ್ಮ."

"ಅದು ಯಾವತ್ತು ರಾಗಿ ತೂರಿತ್ತಂತೆ?"

ಆದರೂ ಓದಿದ ಮಗನ ಮಾತೆಂದು ಅಲ್ಲೇ ನಿಂತು ತೂರಿದಳು. ನಿಜಕ್ಕೂ ಒಂದು ಹೊಟ್ಟೂ ಗೋಡೆ ದಾಟಲಿಲ್ಲ. ವಿಜಯವನ್ನು ತಿಳಿಸಲು ಚಿಕ್ಕಮ್ಮನನ್ನು ಗೋಡೆಯ ಹತ್ತಿರ ಕರೆದು ಲ್ಯಾಪ್‌ಟಾಪು ತೋರಿಸಿದೆ.

"ಸಂಡಿಗೆ ಮೇಲೆ ಒಟ್ಟು ಬಿತ್ತಂತ ನಾನು ಮಾತು ಬಿಟ್ನಾ? ಏನ್ ಪೈತ್ಯನಲಾ ನೀನು!" ಎಂದಳು. "ಬೋಸಿ ತುಂಬ ಸಂಡಿಗೆ ಕರಿದು ಕಳಿಸಿದ್ರೆ, ಬರೀ ಬೋಸಿ ವಾಪಸ್ ಬಂತು. ಯಾರಾದ್ರೂ ಬರೀ ಬೋಸಿ ಕಳಿಸ್ತಾರಾ? ಒಂದು ಬೊಗಸೆ ರಾಗಿ ಆದ್ರೂ ಆಕ್ಬಾರ್ದಾ?"

ಹಿಂದೆ ನಿಂತಿದ್ದ ಅಮ್ಮ ಇದನ್ನು ಕೇಳಿದವಳೇ ಒಳಗಿನಿಂದ ದೊಡ್ಡ ಬೋಸಿ ತಂದು, ಆಗತಾನೆ ತೂರಿದ ರಾಗಿ ತುಂಬಿ, "ಓಗು, ನೀನೇ ಕೊಟ್ಟು ಬಾ," ಎಂದಳು. ಬೀದಿ ಸುತ್ತಿಕೊಂಡು ಹೋಗಿ ಕೊಟ್ಟೆ.

ಸಂಡಿಗೆಯ ಪಕ್ಕ ಕೂತಿದ್ದ ಚಿಕ್ಕಮ್ಮ ರಾಗಿಯಲ್ಲಿ ಕೈಯಾಡಿಸಿದಳು. "ಅರ್ಧ ಒಟ್ಟೇ ಐತಲ್ಲಲಾ! ಅಕ್ಕೋ, ತೂರೋದೂ ಮರ್ತೋಯ್ತಾ ನಿಂಗೆ?" ಎಂದು ಗೋಡೆಯ ಕಡೆ ಕೂಗಿದಳು.

"ಓದಿರೋ ನಿನ್ನ ಮಗನ್ನೇ ಕೇಳು!" ಎಂದು ಆ ಕಡೆಯಿಂದ ಅಮ್ಮ ಕೂಗಿದಳು. ವರ್ಷದ ಮೇಲೆ ಮಾತು ಶುರುವಾಯಿತು, ನನ್ನ ವಿಷಯದಲ್ಲೇ.

ಚಿಕ್ಕಮ್ಮ ನಗುತ್ತ ಬೋಸಿಯನ್ನು ಉಫ್ ಎಂದು ಊದಿದಳು. ಗಾಳಿಯಿಲ್ಲದ ಮೂಲೆಯಲ್ಲಿ ತೂರಿದ್ದರಿಂದ ಹೊಟ್ಟು ಗೋಡೆ ದಾಟುವುದಿರಲಿ, ರಾಗಿಯನ್ನೇ ಬಿಟ್ಟು ಹೋಗಿರಲಿಲ್ಲ. ಈಗ ಎದ್ದು, ಸಾವಕಾಶವಾಗಿ ತೇಲಿ, ಸಂಡಿಗೆಯ ಮೇಲೆಲ್ಲ ಕೂತಿತು. ಗಾಳಿಯನ್ನು ದೂರುವಂತಿಲ್ಲ. ಹೊಟ್ಟನ್ನು ಅಲ್ಲಿಗೆ ಕೈಯಾರೆ ಹೊತ್ತು ತಂದವನು ನಾನು.