ಇರುವೆಗಳ ದಾರಿ, ಆಯಿಯ ಹಿಟ್ಟು

ತಡವಾಗಿ ಏಳುವವರಿಗೆ ಒಂದು ಗಟ್ಟಿ ನಂಬಿಕೆ ಇರುತ್ತದೆ. ಜಗತ್ತು ತನ್ನಷ್ಟಕ್ಕೆ ತಾನೇ ನಡೆಯುತ್ತದೆ ಎಂದು. ನಾವು ಕಣ್ಣು ಬಿಡುವ ಹೊತ್ತಿಗೆ ಅಂಗಳ ಗುಡಿಸಿರುತ್ತದೆ, ನೀರು ಕಾದಿರುತ್ತದೆ, ಹಾಲು ಬಂದಿರುತ್ತದೆ, ಚಹಾ ಒಂದು ಸಲ ಆರಿ ಎರಡನೇ ಸಲ ಬಿಸಿಯಾಗಿರುತ್ತದೆ. ಇದನ್ನೆಲ್ಲ ಯಾರೋ ಮಾಡಿದ್ದಾರೆ ಎಂದು ಬುದ್ಧಿಗೆ ಗೊತ್ತು. ಆದರೆ ಮನಸ್ಸಿಗೆ ಮಾತ್ರ, ಸೂರ್ಯ ಹುಟ್ಟಿದ ಹಾಗೆ ಇವೂ ಹುಟ್ಟಿಕೊಂಡವು ಎಂದೇ ಅನಿಸುತ್ತದೆ. ನಾನು ಎಂಟು ಗಂಟೆಗೆ ಏಳುವವಳು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಆದ ಫಜೀತಿಗೆಲ್ಲ ಇದೇ ಮೂಲ. ನನ್ನ ಎರಡನೇ ಪದವಿ ಕೈಯಿಂದ ಜಾರುವುದರಲ್ಲಿ ಇದ್ದದ್ದೂ ಇದರಿಂದಲೇ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ದೂರದ ಊರಿನ ಒಂದು ವಿಶ್ವವಿದ್ಯಾಲಯದಲ್ಲಿ 'ನಿಸರ್ಗಪ್ರೇರಿತ ಸ್ಥಳವಿನ್ಯಾಸ ಮತ್ತು ನಗರ ಪರಿಸರ' ಎಂಬ ವಿಷಯ ಓದುತ್ತಿದ್ದೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಪಕ್ಷಿ ಗೂಡು ಹೇಗೆ ಕಟ್ಟುತ್ತದೆ, ಹುತ್ತದೊಳಗೆ ಗಾಳಿ ಹೇಗೆ ಆಡುತ್ತದೆ, ಬೇರು ನೀರನ್ನು ಹೇಗೆ ಹುಡುಕುತ್ತದೆ ಎಂಬುದನ್ನೆಲ್ಲ ನೋಡಿ, ಅದರ ಪ್ರಕಾರ ಮನುಷ್ಯರ ಮನೆ, ಓಣಿ, ಸಂತೆಗಳಿಗೆ ನಕ್ಷೆ ಹಾಕುವ ವಿದ್ಯೆ ಅದು. ಗೋಕಾಕದ ಪೇಟೆಯಲ್ಲಿ ನಮ್ಮ ಅಪ್ಪನದು ಅರಿವೆ ಅಂಗಡಿ. ಗಿರಾಕಿಗಳು "ಮಗಳು ಏನ ಓದಾಕತ್ತಾಳ್ರಿ?" ಎಂದರೆ ಅಪ್ಪ ಸೀರೆ ಮಡಿಸುತ್ತ "ಇಂಜಿನಿಯರ್ ಇದ್ದಂಗ ಏನೋ ಐತ್ರಿ" ಎನ್ನುತ್ತಿದ್ದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇಷ್ಟು ಸುತ್ತು ಹಾಕುತ್ತಿರಲಿಲ್ಲ. "ನಮ್ಮ ಸುನಂದಾ ಇರವಿ ಓದಾಕತ್ತಾಳ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು.

ಆಯಿ ಹೇಳಿದ್ದು ಖರೆಯೇ. ನನ್ನ ಪ್ರಬಂಧದ ವಿಷಯ ಇರುವೆ. ಅದಕ್ಕೂ ಹಿಂದಿನ ವರ್ಷ ಹುಕ್ಕೇರಿಯ ಬಸ್ ನಿಲ್ದಾಣಕ್ಕೆ ಜೇನುಗೂಡಿನ ಮಾದರಿಯ ನಕ್ಷೆ ಹಾಕಿದ್ದೆ. ಆರು ಮೂಲೆಯ ಪ್ಲಾಟ್‌ಫಾರ್ಮು, ಆರು ಮೂಲೆಯ ಕಟ್ಟೆ, ಮೂತ್ರಾಲಯವೂ ಆರು ಮೂಲೆಯದೇ. ನನ್ನ ಮಾರ್ಗದರ್ಶಕರು, ಮೈಸೂರು ಕಡೆಯ ಶಾಂತ ಸ್ವಭಾವದ ಮೇಷ್ಟ್ರು, ನಕ್ಷೆಯನ್ನು ಬಹಳ ಹೊತ್ತು ನೋಡಿ, "ಎಲ್ಲಾ ಚೆನ್ನಾಗಿದೆಯಮ್ಮಾ, ಬಸ್ಸು ಎಲ್ಲಿ ತಿರುಗುತ್ತೆ?" ಎಂದರು. ಬಸ್ಸು ತಿರುಗುವುದನ್ನು ನಾನು ಮರೆತಿದ್ದೆ. ಆ ವರ್ಷ ಹಾಗೆ ಹೋಯಿತು. ಅಪ್ಪ ಸಿಟ್ಟು ಮಾಡಲಿಲ್ಲ, ಸಿಟ್ಟಿಗಿಂತ ಕೆಟ್ಟದ್ದನ್ನು ಮಾಡಿದರು. "ಈ ಸಲ ಮುಗಸವ್ವಾ. ಮುಗೀಲಿಲ್ಲಂದ್ರ ಸಾಕು ಮಾಡು. ಸಂಕೇಶ್ವರದಾಗ ಒಂದು ಮನಿತನದವರು ಕೇಳಾಕತ್ತಾರ, ನಾ ಎಷ್ಟಂತ ತಡೀಲಿ?" ಎಂದು ಮೆತ್ತಗೆ ಹೇಳಿದರು. ನಾನು ಹೆದರಿ, ಸಂಕ್ರಾಂತಿ ಆದಮೇಲೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದು ಕೂತೆ.

ನಮ್ಮದು ಹಳೆಯ ಮನೆ. ಪಡಸಾಲೆಯ ಮೂಲೆಯ ಗೋಡೆಯ ಸಂದಿಯಲ್ಲಿ ಕರಿ ಇರುವೆಗಳ ಗೂಡು ಯಾವ ಕಾಲದಿಂದಲೋ ಇದೆ. ಜೈನರ ಮನೆ, ಅದನ್ನು ಮುಚ್ಚುವ ಮಾತೇ ಇಲ್ಲ. ನಾನು ಎಂಟಕ್ಕೆದ್ದು ಚಹಾ ಹಿಡಿದು ನೋಡಿದರೆ ಇರುವೆಗಳು ಆಗಲೇ ದಾರಿ ಹಿಡಿದಿರುತ್ತಿದ್ದವು. ಏನು ಶಿಸ್ತು ಅಂತೀರಿ! ಗೋಡೆಯ ಅಂಚಿಗೆ ಸಾಲಾಗಿ ಬಂದು, ಅಡಿಗೆಮನೆಯ ಹೊಸ್ತಿಲ ಹತ್ತಿರ ಒಳಗೆ ನುಗ್ಗದೆ ಸರಕ್ಕನೆ ಬಲಕ್ಕೆ ತಿರುಗಿ, ಅಂಗಳದ ಬೀಸುಕಲ್ಲಿನ ಹತ್ತಿರ ಒಂದಿಷ್ಟು ಹೊತ್ತು ಗುಂಪುಗೂಡಿ, ಆಮೇಲೆ ಹಿತ್ತಲ ಬೇವಿನ ಗಿಡದ ಬುಡಕ್ಕೆ. ದಿನವೂ ಅದೇ ದಾರಿ. ಒಂದು ತಿಂಗಳು ಅಳೆದೆ, ಬರೆದೆ, ಬಣ್ಣ ತುಂಬಿದೆ. ಹೊಸ್ತಿಲಲ್ಲಿ ಯಾಕೆ ತಿರುಗುತ್ತವೆ? ಒಲೆಯ ಬಿಸಿಯನ್ನು ದೂರದಿಂದಲೇ ಗ್ರಹಿಸುತ್ತವೆ ಎಂದು ಬರೆದೆ. ಬೀಸುಕಲ್ಲಿನ ಹತ್ತಿರ ಯಾಕೆ ನಿಲ್ಲುತ್ತವೆ? ಅದು ಅವುಗಳ ಚೌಕ, ಸಮಾಜಜೀವಿಗೆ ಚೌಕ ಬೇಕು ಎಂದು ಬರೆದೆ. ಇರುವೆಗಳಿಗೆ ಹಿಡಿ ಹಿಟ್ಟು ಹಾಕದೆ ಆಯಿ ತಿಂಡಿ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅದು ಪುಣ್ಯದ ಕೆಲಸ, ನನ್ನದು ವಿಜ್ಞಾನ. ಎರಡನ್ನೂ ಕೂಡಿಸಿ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಇನ್ನೊಂದು ಹೇಳಬೇಕು. ಇದನ್ನೆಲ್ಲ ಗಮನಿಸಲು ನಾನು ಕೂತ ಜಾಗ ಬೇವಿನ ಕಟ್ಟೆ. ಇಡೀ ಮನೆಯಲ್ಲಿ ಅದೇ ಜಾಗಕ್ಕೆ ನಾನು ಯಾಕೆ ತಾನಾಗಿ ಹೋಗಿ ಕೂತೆ ಎಂದು ನನಗೇ ಕುತೂಹಲ ಹುಟ್ಟಿತು. ಗಾಳಿ ಬರುವ ದಿಕ್ಕು, ನೆರಳು ಸರಿಯುವ ಹೊತ್ತು, ಕಲ್ಲಿನ ತಂಪು, ಎಲ್ಲವನ್ನೂ ಅಳೆದು, ಪ್ರಾಣಿಮಾತ್ರರು ಸಹಜವಾಗಿಯೇ ಹಿತವಾದ ಜಾಗವನ್ನು ಆರಿಸಿಕೊಳ್ಳುತ್ತಾರೆ ಎಂದು ಮೂರು ಪುಟ ಬರೆದೆ. ಕಟ್ಟೆಯ ಮೇಲೆ ಸದಾ ಒಂದು ಕರದಂಟಿನ ಡಬ್ಬಿ ಇರುತ್ತಿತ್ತು. ಬರೆಯುತ್ತ ಒಂದೊಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅದನ್ನು ಅಳೆಯಲಿಲ್ಲ.

ಇರುವೆ ದಾರಿಯ ಮಾದರಿಯಲ್ಲಿ ನಾನು ಹೊಸ ರೂಪ ಕೊಡಲು ಹೊರಟದ್ದು ಮೂಡಲಗಿಯ ಸಂತೆಗೆ. ನಕ್ಷೆ ಸುತ್ತಿಕೊಂಡು ಕಲ್ಲೋಳಿ ಮೇಲೆ ಹಾಯುವ ಬಸ್ಸಿನಲ್ಲಿ ಹೋದೆ. ಅಲ್ಲಿ ಉಳ್ಳಾಗಡ್ಡಿ ಮಾರುವ ಬಾಗವಾನ ಕಾಕಾ ಅಂತ ಒಬ್ಬರು, ಅಪ್ಪನ ಪರಿಚಯದವರು. ಅವರ ಗೋಣಿಚೀಲದ ಮೇಲೆಯೇ ನಕ್ಷೆ ಹರಡಿ, ಮಂದಿ ಇಲ್ಲಿಂದ ಬಂದು, ಇಲ್ಲಿ ತಿರುಗಿ, ಈ ಚೌಕದಲ್ಲಿ ಕೂಡಿ, ಹೀಗೆ ಹೊರಗೆ ಹೋಗುತ್ತಾರೆ ಎಂದು ವಿವರಿಸಿದೆ.

ಕಾಕಾ ತಕ್ಕಡಿ ಕೆಳಗಿಟ್ಟು ಕೇಳಿದರು, "ಯಾಕ ಹೋಗತಾರವಾ ಹಂಗ?"

"ಇರವಿ ಹಂಗ ಹೋಗತಾವ್ರಿ ಕಾಕಾ."

"ಇರವಿ ಸುಮ್ಮಸುಮ್ಮನ ಎಲ್ಲೀನೂ ಹೋಗೂದಿಲ್ಲ ತಂಗಿ. ಯಾರರೆ ಏನರೆ ಇಟ್ಟಿರತಾರ, ಅದಕ್ಕ ಹೋಗತಾವ. ಮಂದೀದೂ ಹಂಗ. ನಾ ಈ ಮೂಲ್ಯಾಗ ಕುಂತ್ರೂ ಬರತಾರ, ಆ ಮೂಲ್ಯಾಗ ಕುಂತ್ರೂ ಬರತಾರ. ಮಾಲ್ ಚಲೋ ಇರಬೇಕಷ್ಟ."

ನಾನು ಇದನ್ನು 'ಸ್ಥಳೀಯರ ಅಭಿಪ್ರಾಯ' ಎಂಬ ತಲೆಬರಹದ ಕೆಳಗೆ ಶ್ರದ್ಧೆಯಿಂದ ಬರೆದುಕೊಂಡೆ. ಆ ಪುಟವನ್ನು ಮತ್ತೆ ತೆರೆಯಲಿಲ್ಲ.

ಅಷ್ಟರಲ್ಲಿ ಮೇಷ್ಟ್ರ ಪತ್ರ ಬಂತು. ಕರಡು ಓದಿದ್ದಾರೆ, ಬಹಳ ಸೋಜಿಗವಾಗಿದೆ, ಆದರೆ ಕಣ್ಣಾರೆ ನೋಡದೆ ಸಹಿ ಹಾಕುವುದಿಲ್ಲ, ಭಾನುವಾರ ಘಟಪ್ರಭಾ ಸ್ಟೇಷನ್ನಿಗೆ ಇಳಿಯುತ್ತೇನೆ ಎಂದು ಬರೆದಿದ್ದರು. ಮನೆಯಲ್ಲಿ ಸಡಗರ. ಆಯಿ ಮಾತ್ರ ಗುರುವಾರ ಬೆಳಿಗ್ಗೆ ಹುಕ್ಕೇರಿಗೆ ಹೊರಟಳು. ಅವಳ ತಮ್ಮನ ಮೊಮ್ಮಗುವಿಗೆ ಹೆಸರಿಡುವ ಕಾರ್ಯಕ್ರಮ. ಮೊದಲ ಬಸ್ಸಿಗೆ ಹೋಗುವಾಗ ನನ್ನ ಹಾಸಿಗೆಯ ಹತ್ತಿರ ಬಂದು ಭುಜ ಅಲುಗಾಡಿಸಿ ಏನೋ ಹೇಳಿದಳು. ಮುಂಜಾನೆ, ಹಿಟ್ಟು, ಮರೀಬ್ಯಾಡ ಎಂಬಂಥ ಮಾತುಗಳು. ನಾನು ಮುಸುಕಿನೊಳಗಿಂದ "ಹ್ಞೂಂ ಆಯಿ" ಎಂದೆ. ಆರು ಗಂಟೆಗೆ ಯಾರು ಏನು ಹೇಳಿದರೂ ನಾನು ಹ್ಞೂಂ ಅನ್ನುತ್ತೇನೆ. ಸಂಕೇಶ್ವರದ ಮನೆತನದವರು ಆ ಹೊತ್ತಿಗೆ ಬಂದಿದ್ದರೆ ಮದುವೆಯೇ ಆಗಿಹೋಗುತ್ತಿತ್ತು.

ಶುಕ್ರವಾರ ಇರುವೆಯ ಸಾಲು ಸ್ವಲ್ಪ ಸಡಿಲವಾಯಿತು. ಶನಿವಾರ ಬೀಸುಕಲ್ಲಿನ ಹತ್ತಿರದ ಚೌಕ ಖಾಲಿ. ಭಾನುವಾರ ನಾನು ಎದ್ದು ನೋಡುತ್ತೇನೆ, ಸಾಲೂ ಇಲ್ಲ, ಶಿಸ್ತೂ ಇಲ್ಲ. ಹೊಸ್ತಿಲು ದಾಟಿ ಅಡಿಗೆಮನೆಯ ತುಂಬ ಇರುವೆ. ಒಲೆಯ ಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಯಲ್ಲಿ, ರೊಟ್ಟಿ ಬಡಿಯುವ ಕಲ್ಲಿನ ಸುತ್ತ. ಒಲೆಯ ಬಿಸಿಯನ್ನು ದೂರದಿಂದಲೇ ಗ್ರಹಿಸುವ ನನ್ನ ಇರುವೆಗಳು ಒಲೆಯ ಮೇಲೇ ಅಡ್ಡಾಡುತ್ತಿದ್ದವು! ಅವ್ವ ಒಲೆ ಹೊತ್ತಿಸಲಾರದೆ ಕೈ ಕಟ್ಟಿಕೊಂಡು ನಿಂತಿದ್ದಳು. ಅಪ್ಪ ಜಳಕ ಮುಗಿಸಿ ಬಚ್ಚಲ ಬಾಗಿಲಲ್ಲಿ ಒಂದು ಕಾಲು ಎತ್ತಿ ನಿಂತವರು, ಎಲ್ಲಿ ಇಟ್ಟರೆ ಜೀವ ಹೋಗುತ್ತದೋ ಎಂದು ಇಡಲಾರದೆ, ಟವೆಲು ಬಿಗಿಹಿಡಿದು ಗೋಡೆಗೆ ಆತುಕೊಂಡಿದ್ದರು. ಸರಿಯಾಗಿ ಆ ಹೊತ್ತಿಗೆ ಮೇಷ್ಟ್ರು ಬಂದರು.

ಬಂದವರ ಮುಂದೆ ಅವ್ವ ನಿನ್ನೆಯ ಹಾಲಿನ ಪೇಡೆ ಇಟ್ಟರೆ ತಟ್ಟೆಗೆ ಇರುವೆ. ನೀರು ಕೊಟ್ಟರೆ ಲೋಟದ ಅಂಚಿಗೆ ಇರುವೆ. ಮೇಷ್ಟ್ರು ಎರಡು ಕಾಲನ್ನೂ ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು, ಒಂದು ಕೈಯಲ್ಲಿ ನನ್ನ ನಕ್ಷೆ ಹಿಡಿದು, ನೆಲವನ್ನೂ ನಕ್ಷೆಯನ್ನೂ ಮತ್ತೆ ಮತ್ತೆ ನೋಡಿದರು. "ಇದರಲ್ಲಿ ಒಂದೇ ಸಾಲು ತೋರಿಸಿದ್ದೀಯಲ್ಲಮ್ಮಾ?" ಎಂದರು. "ಇವತ್ತು ಗಾಳಿಯಲ್ಲಿ ತೇವಾಂಶ ವ್ಯತ್ಯಾಸ ಆಗಿರಬೇಕು ಸಾರ್" ಎಂದೆ. ನನಗೇ ನಾಚಿಕೆಯಾಯಿತು. ಪಾಪ, ಅವರು ಸಹಾಯ ಮಾಡಲು ಹೋಗಿ, "ಇರುವೆಗೆ ಒಂದು ಸೀಮೆಸುಣ್ಣ ಸಿಗುತ್ತಲ್ಲ, ಗೆರೆ ಎಳೆದರೆ ಎಲ್ಲ ಸತ್ತು ಬೀಳುತ್ತವೆ" ಎಂದುಬಿಟ್ಟರು. ಅವ್ವ ಅವರನ್ನು ನೋಡಿದ ರೀತಿಗೆ ಮೇಷ್ಟ್ರು ಆ ದಿನವೆಲ್ಲ ಸೀಮೆಸುಣ್ಣದ ಮಾತೆತ್ತಲಿಲ್ಲ. ನಾನಂತೂ ಸಂಕೇಶ್ವರಕ್ಕೆ ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಲು ಶುರುಮಾಡಿದ್ದೆ.

ಆಗ ಆಯಿ ಬಂದಳು. ಹುಕ್ಕೇರಿಯ ಬಸ್ಸು ಇಳಿದು, ಕೈಯಲ್ಲಿ ಚೀಲ, ಬಾಗಿಲಲ್ಲೇ ನಿಂತು ಮನೆಯನ್ನೊಮ್ಮೆ ನೋಡಿದಳು.

"ಸುನಂದಾ, ಹಿಟ್ಟ ಹಾಕೀಯಿಲ್ಲ?"

"ಯಾವ ಹಿಟ್ಟ ಆಯಿ?"

"ಹೋಗುಮುಂದ ಬಡಕೊಂಡ ಹೇಳೀನಲ್ಲೇ! ಹ್ಞೂಂ ಅಂದೀ!"

ಮೇಷ್ಟ್ರಿಗೆ "ಕುಂದರ್ರಿ ಸರ್, ಬಂದೆ" ಎಂದು ಹೇಳಿ, ಹಿಟ್ಟಿನ ಡಬ್ಬಿ ತೆಗೆದುಕೊಂಡಳು. ಗೋಡೆಯ ಸಂದಿಯಿಂದ ಹಿಡಿದು ಅಲ್ಲೊಂದು ಚಿಟಿಕೆ, ಇಲ್ಲೊಂದು ಚಿಟಿಕೆ ಹಾಕುತ್ತ ನಡೆದಳು. ಹೊಸ್ತಿಲಿಗೆ ದಪ್ಪಗೆ ಅರಿಷಿಣ ಎಳೆದಳು. ನಾನು ಇಷ್ಟು ದಿನ ಪೂಜೆ ಎಂದುಕೊಂಡಿದ್ದ ಅರಿಷಿಣ ಅದು, ಇರುವೆ ದಾಟದ ಗೆರೆ. ಬೀಸುಕಲ್ಲಿನ ಹತ್ತಿರ ಬೆಲ್ಲದ ಪುಡಿ, ಅಲ್ಲಿಂದ ಬೇವಿನ ಬುಡದವರೆಗೆ ಮತ್ತೆ ಹಿಟ್ಟು. "ನಡೀರಿ ತಾಯಿ, ನಡೀರಿ, ಇಲ್ಲಿ ನಿಂತು ಯಾರ ಕಾಲಾಗರೆ ಸಿಕ್ಕೀರಿ" ಎಂದು ಇರುವೆಗಳಿಗೂ ರೀ ಹಚ್ಚಿ ಮಾತಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವು ನನ್ನ ನಕ್ಷೆಯ ಮೇಲೆ ಗೆರೆ ಎಳೆದ ಹಾಗೆ ಸಾಲು ಹಿಡಿದವು. ಅಪ್ಪ ಕಾಲು ಇಳಿಸಿದರು.

ಮೇಷ್ಟ್ರು ಕುರ್ಚಿಯಿಂದ ಇಳಿದು ಆಯಿಯ ಹಿಂದೆ ಹಿಂದೆಯೇ ಅಡ್ಡಾಡಿದರು. "ಅಮ್ಮಾ, ಇಲ್ಲಿ ಬೆಲ್ಲ ಯಾಕೆ?" ಎಂದು ಕೇಳಿದರು.

"ನನ್ನ ಮಗ ಜಳಕಾ ಮಾಡಿ ಇಲ್ಲೇ ಹಾಯ್ದ ಹೋಗತಾನ್ರಿ. ನೆಲಾ ನೋಡಿ ನಡಿಯೂದು ಅವಗ ಗೊತ್ತಿಲ್ಲ. ಅವಾ ಹೋಗುತನಕಾ ಇವು ಬೀಸುಕಲ್ಲಿನ ಬಾಜೂ ತಿನಕೋತ ನಿಂದರಲಿ ಅಂತ. ಬೆಲ್ಲಾ ತೀರೂದ್ರಾಗ ಅವನ ಪೂಜಿ ಮುಗಿದಿರತೈತಿ."

ನನ್ನ ಚೌಕ, ಸಮಾಜಜೀವಿಯ ಚೌಕ, ಅಲ್ಲಿಗೆ ಮುಗಿಯಿತು. ಮೇಷ್ಟ್ರು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಅಳುವುದೊಂದು ಬಾಕಿ. ಪ್ರಬಂಧದ ಮೊದಲ ಪುಟದಲ್ಲಿ 'ಇದು ನನ್ನ ಸ್ವಂತ ಕೆಲಸ' ಎಂದು ಘೋಷಣೆ ಬರೆದು ಸಹಿ ಮಾಡಿದ್ದೆ. 'ಇದು ನಿಸರ್ಗದ ವಿನ್ಯಾಸ' ಎಂದೂ ಬರೆದಿದ್ದೆ. ಎರಡೂ ಸುಳ್ಳು.

"ಸಾರ್, ಈ ವರ್ಷವೂ ಹೋಯಿತೇನು?" ಎಂದೆ.

"ಯಾಕಮ್ಮಾ ಹೋಗುತ್ತೆ? ಒಂದು ಮನೆಯಲ್ಲಿ ಮನುಷ್ಯರೂ ಇರುವೆಗಳೂ ಒಬ್ಬರ ಕಾಲಿಗೆ ಒಬ್ಬರು ಸಿಗದ ಹಾಗೆ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಾರೆ. ನಾವು ಪಾಠ ಮಾಡುವುದು ಇದನ್ನೇ ಅಲ್ಲವಾ? ಇರುವೆ ಬಗ್ಗೆ ಬರೆದದ್ದನ್ನು ಹೊಡೆದುಹಾಕು. ನಿಮ್ಮಜ್ಜಿ ಬಗ್ಗೆ ಬರಿ. ಅವರು ಏಳುವ ಹೊತ್ತಿಗೆ ಏಳು, ಅಷ್ಟೇ" ಎಂದರು. ಆಮೇಲೆ ಹಾಳೆ ತಿರುವಿ, "ಈ ಬೇವಿನ ಕಟ್ಟೆಯ ಮೂರು ಪುಟ ಬಹಳ ಚೆನ್ನಾಗಿದೆ. ಇದೊಂದು ನಿನ್ನದೇ ಗಮನ, ಇದನ್ನು ಮುಟ್ಟಬೇಡ" ಎಂದು ಬೆನ್ನು ತಟ್ಟಿದರು. ಮುಳುಗುವವಳಿಗೆ ಅಷ್ಟು ಸಾಕಾಯಿತು. ಸಂಜೆ ಅವರು ಧುಪದಾಳದ ಒಡ್ಡು ನೋಡಿಕೊಂಡು ರೈಲು ಹತ್ತಿದರು.

ನಾನು ಖುಷಿಯಿಂದ ಹಾಳೆ ಹಿಡಿದು ಬೇವಿನ ಕಟ್ಟೆಗೆ ಹೋಗಿ ಕೂತೆ. ಕರದಂಟಿನ ಡಬ್ಬಿ ಕಟ್ಟೆಯ ಮೇಲೆ ಇತ್ತು, ಹೊಸದಾಗಿ ತುಂಬಿತ್ತು. ಮೂರು ದಿನ ಆಯಿ ಊರಲ್ಲಿ ಇರಲಿಲ್ಲ, ಮೂರು ದಿನ ಡಬ್ಬಿಯೂ ಇರಲಿಲ್ಲ. ಆ ಮೂರು ದಿನ ನಾನು ಎಲ್ಲಿ ಕೂತಿದ್ದೆ ಎಂದು ನೆನಪು ಮಾಡಿಕೊಂಡೆ. ಅಡಿಗೆಮನೆಯ ಬಾಗಿಲಲ್ಲಿ, ಅವ್ವನ ಕಾಲಿಗೆ ಅಡ್ಡವಾಗಿ, ಹಾಳೆ ಹರಡಿಕೊಂಡು, ಹುರಿಗಡಲೆ ಪುಠಾಣಿಯ ಡಬ್ಬಿ ಕೈಗೆ ಸಿಗುವಷ್ಟು ದೂರದಲ್ಲಿ. ಒಂದು ಸಲವೂ ಬೇವಿನ ಕಟ್ಟೆಗೆ ಹೋಗಿರಲಿಲ್ಲ. ಗಾಳಿ ಅದೇ ಇತ್ತು, ನೆರಳೂ ಅದೇ ಇತ್ತು.

"ಆಯಿ," ಎಂದು ಕೂಗಿದೆ, "ಈ ಡಬ್ಬಿ ಇಲ್ಲಿ ಯಾರು ಇಡತಾರ?"

ಆಯಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ನಾನ ಇಡತೇನಿ. ಇಲ್ಲಾಂದ್ರ ನೀ ಒಳಗ ಕುಂತು ಮನಿ ತುಂಬ ಹಾಳಿ ಹರವತಿ, ನಿಮ್ಮವ್ವಗ ಕಾಲ ಇಡಾಕ ಜಾಗಾ ಇರೂದಿಲ್ಲ" ಎಂದಳು. ಮುಖದಲ್ಲಿ ನಗುವೂ ಇಲ್ಲ, ಏನೂ ಇಲ್ಲ. ಇರುವೆಗಳಿಗೆ ಹೇಳಿದ ಹಾಗೆಯೇ ಹೇಳಿದಳು, ರೀ ಒಂದನ್ನು ಬಿಟ್ಟು.

ಪದವಿ ಬಂತು. ಘೋಷಣೆಯ ಪುಟದಲ್ಲಿ ಆಯಿಯ ಹೆಸರೂ ಇದೆ. ಪ್ರಾಣಿಮಾತ್ರರು ಸಹಜವಾಗಿಯೇ ಹಿತವಾದ ಜಾಗ ಆರಿಸಿಕೊಳ್ಳುತ್ತಾರೆ ಎಂಬ ಆ ಮೂರು ಪುಟಗಳೂ ಇವತ್ತಿಗೂ ಆ ಪ್ರಬಂಧದಲ್ಲಿ ಹಾಗೆಯೇ ಇವೆ. ಆ ಸಂಜೆ ಕಟ್ಟೆಯ ಮೇಲೆ ಕೂತು, ಮೇಷ್ಟ್ರಿಗೆ ಒಂದು ಪತ್ರ ಬರೆದು ನಿಜ ಹೇಳಿಬಿಡಬೇಕು ಎಂದುಕೊಂಡೆ. ಆಯಿಗೂ ಏನಾದರೂ ಖಡಕ್ಕಾಗಿ ಹೇಳಬೇಕು ಎಂದುಕೊಂಡೆ. ಏನೂ ಹೇಳಲಾಗಲಿಲ್ಲ. ಬಾಯಲ್ಲಿ ಕರದಂಟು ಇತ್ತು.